ಕಾಲೇಜಿನ ಕೊನೆಯ ವರ್ಷದ ಪ್ರಬಂಧಕ್ಕೆ ವಿಷಯ ಯಾವುದು?

ಪ್ರತಿ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ನಮ್ಮ ಸಂಘದ ಕಚೇರಿಗೆ ಒಂದು ಬಗೆಯ ಅತಿಥಿಗಳು ಬರುತ್ತಾರೆ. ಅವರು ಗೊಬ್ಬರ ಕೇಳಲು ಬಂದವರಲ್ಲ, ಮುಂಗಡ ಕೇಳಲು ಬಂದವರೂ ಅಲ್ಲ. ನಮ್ಮ ಸದಸ್ಯರ ಮಕ್ಕಳು. ಶಿವಮೊಗ್ಗ, ಮೂಡಿಗೆರೆ, ಪೊನ್ನಂಪೇಟೆ, ಮಂಗಳೂರು, ಬೆಂಗಳೂರು ಎಂದು ಬೇರೆ ಬೇರೆ ಕಡೆ ಓದುತ್ತಿರುವವರು. ಪದವಿಯ ಕೊನೆಯ ವರ್ಷದಲ್ಲಿ ಒಂದು ಪ್ರಬಂಧವನ್ನು ಬರೆದು ಒಪ್ಪಿಸಬೇಕು, ಅದಕ್ಕಾಗಿ ಬಂದಿರುತ್ತಾರೆ.

"ಅಡಿಕೆ ಬಗ್ಗೆ ಏನಾದರೂ ಮಾಹಿತಿ ಇದ್ದರೆ ಕೊಡಿ ಸಾರ್" ಎನ್ನುತ್ತಾರೆ. "ಯಾವ ಮಾಹಿತಿ ಬೇಕು?" ಎಂದರೆ, "ಎಲ್ಲಾ ಬೇಕಿತ್ತು" ಎಂಬ ಉತ್ತರ ಬರುತ್ತದೆ. ಎಲ್ಲವನ್ನೂ ಕೊಡಲು ನಮ್ಮಲ್ಲಿಲ್ಲ; ಕೊಟ್ಟರೂ ಅದನ್ನಿಟ್ಟುಕೊಂಡು ಅವರು ಏನು ಮಾಡಿಯಾರು? ಹಳೆಯ ವಾರ್ಷಿಕ ವರದಿಗಳನ್ನು ಕೊಟ್ಟು ಕಳಿಸುತ್ತೇವೆ. ಆ ಹುಡುಗ ಹುಡುಗಿಯರು ಅದರಿಂದ ನಾಲ್ಕು ಪುಟ, ಇನ್ನೆಲ್ಲಿಂದಲೋ ನಲವತ್ತು ಪುಟ ಸೇರಿಸಿ ದಪ್ಪ ರಟ್ಟು ಕಟ್ಟಿಸಿ ಒಪ್ಪಿಸುತ್ತಾರೆ. ಅಂಕ ಬರುತ್ತದೆ. ಪ್ರಬಂಧ ಕಾಲೇಜಿನ ಬೀರು ಸೇರುತ್ತದೆ. ಅಲ್ಲಿಗೆ ಮುಗಿಯಿತು.

ಇದರಲ್ಲಿ ಬೆಳೆಗಾರರಾದ ನಮಗೇನು ನಷ್ಟ ಎಂದು ಸದಸ್ಯರು ಕೇಳಬಹುದು. ನಷ್ಟವಿದೆ. ಎರಡು ಮೂರು ಎಕರೆಯವರಾದ ನಮ್ಮ ತೋಟಗಳಲ್ಲಿ ಉತ್ತರ ಸಿಗದ ಸಣ್ಣ ಪ್ರಶ್ನೆಗಳು ರಾಶಿ ಬಿದ್ದಿವೆ. ದೊಡ್ಡ ಸಂಶೋಧನಾ ಕೇಂದ್ರಗಳು ದೊಡ್ಡ ಪ್ರಶ್ನೆಗಳನ್ನು ಹಿಡಿದುಕೊಂಡಿವೆ, ಅದು ಸರಿಯೇ. ಆದರೆ ನಮ್ಮ ಹಳ್ಳದ ಆಚೆ ದಂಡೆಯ ತೋಟಕ್ಕೂ ಈಚೆ ದಂಡೆಯ ತೋಟಕ್ಕೂ ಏಕೆ ವ್ಯತ್ಯಾಸ ಎಂದು ನೋಡಲು ಅಲ್ಲಿಂದ ಯಾರೂ ಬರಲಾರರು. ನೋಡಬಲ್ಲವರು, ಬರೆಯಬಲ್ಲವರು, ಮೇಲೆ ಒಬ್ಬ ಗುರುವಿನಿಂದ ತಿದ್ದಿಸಿಕೊಳ್ಳಬಲ್ಲವರು ನಮ್ಮ ಮನೆಯಲ್ಲೇ ಇದ್ದಾರೆ. ಅವರ ಒಂದು ವರ್ಷವನ್ನು ನಕಲಿಗೆ ಕಳೆಯಲು ಬಿಡುವುದು ಬಂದ ಫಸಲನ್ನು ಅಂಗಳದಲ್ಲೇ ಮಳೆಗೆ ಬಿಟ್ಟಂತೆ.

ಆದ್ದರಿಂದ ಈ ಸಂಚಿಕೆಯಲ್ಲಿ, ಪ್ರಬಂಧಕ್ಕೆ ವಿಷಯವನ್ನು ಹೇಗೆ ಆರಿಸಿಕೊಳ್ಳಬೇಕೆಂಬುದನ್ನು ನಮಗೆ ತಿಳಿದಮಟ್ಟಿಗೆ ವಿವರಿಸುತ್ತೇವೆ. ತಂದೆ ತಾಯಂದಿರು ಓದಿ ಮಕ್ಕಳ ಕೈಗೆ ಕೊಡಬೇಕಾಗಿ ಕೋರಿಕೆ.

ದೊಡ್ಡ ಕೆಲಸಗಳು ಹೇಗೆ ಆರಂಭವಾದವು?

ನಾವು ಪ್ರತಿ ಮಳೆಗಾಲ ಹೊಡೆಯುವ ಬೋರ್ಡೋ ದ್ರಾವಣದ ಕತೆಯನ್ನೇ ನೋಡೋಣ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಬಳಿಯುತ್ತಿದ್ದರು. ರೋಗಕ್ಕಲ್ಲ, ದಾರಿಹೋಕರು ಹಣ್ಣು ಕೀಳದಿರಲಿ ಎಂದು. 1882ರಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಒಂದು ಸಂಗತಿ ಗಮನಿಸಿದರು. ಒಳಗಿನ ಸಾಲುಗಳ ಎಲೆ ಬೂಜು ರೋಗದಿಂದ ಉದುರಿತ್ತು. ಬಳಿದ ದಾರಿಬದಿಯ ಸಾಲುಗಳಲ್ಲಿ ಎಲೆ ಉಳಿದಿತ್ತು. "ಇದೇಕೆ ಹೀಗೆ?" ಎಂಬ ಒಂದೇ ಪ್ರಶ್ನೆ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಫಲಿತಾಂಶ ಪ್ರಕಟಿಸಿದರು.

ನಮ್ಮ ನಾಡಿಗೆ ಬಂದರೆ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಕೈಗೆತ್ತಿಕೊಂಡರು. ಆ ಕಾಲಕ್ಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ನಮ್ಮ ಹಿರಿಯರಿಗಿದ್ದ ದಾರಿ. ಕಾಯಿ ಕೊಳೆಸುವುದು ಯಾವುದು, ಅದು ಹರಡುವುದು ಹೇಗೆ ಎಂದು ಅವರು ಕೇಳಿದರು. ಫೈಟೋಫ್ತೊರಾ ಜಾತಿಯ ಶಿಲೀಂಧ್ರವೇ ಕಾರಣವೆಂದು 1910ರಲ್ಲಿ ಪ್ರಕಟಿಸಿದರು. ಬೋರ್ಡೋ ಹೊಡೆಯುವ ಪದ್ಧತಿ ನಮ್ಮ ತೋಟಗಳಲ್ಲಿ ಬೇರೂರಲು ಆ ಕೆಲಸವೇ ಬುನಾದಿ.

ಕಾಫಿಯಲ್ಲಿಯೂ ಹಾಗೆಯೇ. ಎಲೆ ತುಕ್ಕು ರೋಗ ಹಾಸಿ ಹೊಡೆದಿದ್ದ ಕಾಲದಲ್ಲಿ, 1911ರ ಸುಮಾರಿಗೆ, ಕೆಂಟ್ ಎಂಬ ತೋಟಗಾರರು ತಮ್ಮ ತೋಟದಲ್ಲಿ ಉಳಿದವಕ್ಕಿಂತ ಚೆನ್ನಾಗಿ ತಡೆದುಕೊಂಡಿದ್ದ ಗಿಡವನ್ನು ಗುರುತಿಸಿ ಬೀಜಕ್ಕೆ ಇಟ್ಟುಕೊಂಡರು. ಅದೇ 'ಕೆಂಟ್ಸ್' ತಳಿ. ಮುಂದೆ ಬಾಳೆಹೊನ್ನೂರಿನ ಕೇಂದ್ರದಲ್ಲಿ ಬೆಳೆಸಿದ, ಇಂದಿಗೂ ನಮ್ಮ ಅನೇಕರ ತೋಟದಲ್ಲಿರುವ ಎಸ್. 795 ತಳಿಗೆ ಒಂದು ಕಡೆಯ ಹೆತ್ತವರು ಈ ಕೆಂಟ್ಸ್.

ಈ ಮೂರರಲ್ಲೂ ಒಂದು ಸಾಮ್ಯವಿದೆ. ಯಾರೂ "ದ್ರಾಕ್ಷಿಯ ಬಗ್ಗೆ", "ಅಡಿಕೆಯ ಬಗ್ಗೆ", "ಕಾಫಿಯ ಬಗ್ಗೆ" ಎಂದು ಹೊರಡಲಿಲ್ಲ. ಕಣ್ಣೆದುರು ಕಂಡ ಒಂದು ವ್ಯತ್ಯಾಸವನ್ನು ಹಿಡಿದು ಹೊರಟರು. ವಿದ್ಯಾರ್ಥಿಯ ಪ್ರಬಂಧ ಇಷ್ಟು ದೊಡ್ಡದಾಗಬೇಕಿಲ್ಲ. ಆದರೆ ಹೊರಡುವ ದಾರಿ ಇದೇ.

ಮೊದಲ ಸೂತ್ರ: ವಿಷಯವೆಂದರೆ ಹೆಸರಲ್ಲ, ಪ್ರಶ್ನೆ

ಮಗಳು ಮನೆಗೆ ಬಂದು, "ಅಪ್ಪಯ್ಯ, ನಾನು ಕೊಳೆರೋಗದ ಮೇಲೆ ಮಾಡ್ತೀನಿ" ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. "ಕೊಳೆರೋಗದ ಮೇಲೆ ಎಂತ ಮಾಡ್ತೀಯೆ ಮಾರಾಯ್ತಿ?" ಎಂದು ಅಪ್ಪ ಕೇಳಬೇಕು. ಇದು ತಮಾಷೆಯ ಮಾತಲ್ಲ. ಅವಳ ಮಾರ್ಗದರ್ಶಕರು ಕೇಳಬೇಕಾದ ಪ್ರಶ್ನೆಯೂ ಇದೇ.

'ಕೊಳೆರೋಗ' ಎಂಬುದು ವಿಷಯವಲ್ಲ, ಒಂದು ಹೆಸರು. 'ಕೊಳೆರೋಗದ ಹತೋಟಿ' ಎಂಬುದೂ ಹೆಸರೇ. 'ನಮ್ಮ ಊರಿನಲ್ಲಿ ಎರಡನೆಯ ಔಷಧಿ ತಡವಾಗುವುದರಿಂದ ಎಷ್ಟು ಕಾಯಿ ಉದುರುತ್ತದೆ?' ಎಂದಾಗ ಅದು ಪ್ರಶ್ನೆಯಾಯಿತು. ವಿಷಯದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರಿಸಲಾಗದಿದ್ದರೆ ಅದು ಇನ್ನೂ ಹಣ್ಣಾಗಿಲ್ಲ ಎಂದು ತಿಳಿಯಬೇಕು.

ಪ್ರಶ್ನೆಯನ್ನು ಮತ್ತೆ ಕಿರಿದು ಮಾಡಬೇಕು. ಮೊದಲ ಔಷಧಿಯನ್ನು ಮುಂಗಾರು ಹಿಡಿಯುವ ಮುನ್ನ, ಎರಡನೆಯದನ್ನು 40-45 ದಿನಗಳ ನಂತರ ಹೊಡೆಯಬೇಕೆಂಬುದು ನಮಗೆಲ್ಲ ತಿಳಿದದ್ದೇ. ಆದರೆ ಆ ಹೊತ್ತಿಗೆ ಮಳೆ ಬಿಡುವು ಕೊಡುವುದಿಲ್ಲ; ಬಿಡುವು ಕೊಟ್ಟರೆ ಕೊನೆಗಾರರು ಸಿಗುವುದಿಲ್ಲ. ಅರ್ಧ ತೋಟಕ್ಕೆ ಹೊಡೆದಾಗ ಮಳೆ ಹಿಡಿದು, ಉಳಿದರ್ಧಕ್ಕೆ ಹತ್ತು ಹದಿನೈದು ದಿನ ತಡವಾದ ಅನುಭವ ಯಾರಿಗಿಲ್ಲ? ನಮಗೆ ಅದು ತಲೆನೋವು. ವಿದ್ಯಾರ್ಥಿಗೆ ಅದೇ ಸಿದ್ಧವಾದ ಪ್ರಯೋಗ. ಒಂದೇ ತೋಟ, ಒಂದೇ ಮಣ್ಣು, ಒಂದೇ ಕಲಸಿದ ಔಷಧಿ. ಬೇರೆಯಾದದ್ದು ದಿನ ಮಾತ್ರ.

ಇಂತಹ ಮೂರು ತೋಟಗಳಲ್ಲಿ ತಲಾ 20 ಮರಗಳನ್ನು, ಸಕಾಲದಲ್ಲಿ ಹೊಡೆದ ಹತ್ತು, ತಡವಾದ ಹತ್ತು, ಗುರುತು ಮಾಡಿಕೊಳ್ಳಬೇಕು. ಬುಡದಲ್ಲಿ ಬಿದ್ದ ಕೊಳೆಕಾಯಿಯನ್ನು ವಾರಕ್ಕೊಮ್ಮೆ ಎಣಿಸಿ, ಬರೆದು, ಹೆಕ್ಕಿ ತೆಗೆಯಬೇಕು. ಜುಲೈಯಿಂದ ಸೆಪ್ಟೆಂಬರ್ ಕೊನೆಯವರೆಗೆ 13 ವಾರ. 60 ಮರ, 13 ವಾರ; ಒಟ್ಟು 780 ಎಣಿಕೆ. ಇದು ಒಬ್ಬರು ಮಾಡಬಹುದಾದ ಕೆಲಸ. ಮಗಳು ವಿದ್ಯಾರ್ಥಿನಿಲಯದಲ್ಲಿದ್ದರೆ ಭಾನುವಾರ ತಾಯಿಯೋ ತಮ್ಮನೋ ಎಣಿಸಲಿ. ಆದರೆ ಮೊದಲಿಂದ ಕೊನೆಯವರೆಗೆ ಎಣಿಸುವವರು ಒಬ್ಬರೇ ಇರಬೇಕು, ಎಣಿಸಿದವರ ಹೆಸರು ಪ್ರಬಂಧದಲ್ಲಿ ಬರಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಪುಸ್ತಕಗಳನ್ನು ಓದಿ ಮಕ್ಕಳು, "ಹೋಲಿಕೆಗೆ ಇಪ್ಪತ್ತು ಮರಕ್ಕೆ ಔಷಧಿಯನ್ನೇ ಹೊಡೆಯಬೇಡಿ" ಎನ್ನುವುದುಂಟು. ಹೋಲಿಕೆ ಬೇಕೆಂಬುದು ನಿಜ. ಆದರೆ ಸಂಶೋಧನಾ ಕೇಂದ್ರದ ತೋಟಕ್ಕೂ ಎರಡು ಎಕರೆಯವನ ತೋಟಕ್ಕೂ ಭೇದವಿದೆ. ಹೊಡೆಯದೆ ಬಿಟ್ಟ ಮರದ ರೋಗ ಗಾಳಿ ಮಳೆಯಲ್ಲಿ ಸುತ್ತಲಿನ ಮರಗಳಿಗೂ ಹಾರುತ್ತದೆ. ಆ ಇಪ್ಪತ್ತು ಮರದ ಫಸಲಷ್ಟೇ ಅಲ್ಲ, ಪಕ್ಕದ ಮನೆಯವರ ಫಸಲೂ ಹೋದೀತು. ಆದ್ದರಿಂದಲೇ ಹೇಳುವುದು, ತಾನಾಗಿ ಉಂಟಾದ ವ್ಯತ್ಯಾಸವನ್ನು ಹುಡುಕಿ. ಮನೆಯ ವರ್ಷದ ಅನ್ನವನ್ನು ಪಣಕ್ಕಿಟ್ಟು ಪ್ರಬಂಧ ಬರೆಯಬೇಕಾದ್ದಿಲ್ಲ.

ಎರಡನೆಯ ಸೂತ್ರ: ಕಾಲೇಜಿನ ಪಂಚಾಂಗ ಮತ್ತು ತೋಟದ ಪಂಚಾಂಗ ಹೊಂದಬೇಕು

ಅನೇಕ ಒಳ್ಳೆಯ ವಿಷಯಗಳು ಕೆಡುವುದು ಇಲ್ಲಿ. ಬಹಳಷ್ಟು ಕಾಲೇಜುಗಳಲ್ಲಿ ಪ್ರಬಂಧದ ಅವಧಿ ಜನವರಿ-ಫೆಬ್ರವರಿಯಲ್ಲಿ ಆರಂಭವಾಗಿ ಮೇ-ಜೂನ್‌ಗೆ ಮುಗಿಯುತ್ತದೆ. ಆ ಅವಧಿಯಲ್ಲಿ ಕೊಳೆರೋಗ ಎಲ್ಲಿಂದ ಬರಬೇಕು? ಕೊಳೆರೋಗವೇ ಬೇಕೆಂದರೆ ಹಿಂದಿನ ಮಳೆಗಾಲದಲ್ಲೇ ಎಣಿಕೆ ಆಗಿರಬೇಕು. ಅಂದರೆ ವಿಷಯವನ್ನು ಒಂದು ವರ್ಷ ಮೊದಲೇ ಯೋಚಿಸಿರಬೇಕು. ನಮ್ಮ ತೋಟಗಳಲ್ಲಿ ಯಾವಾಗ ಏನನ್ನು ಅಳೆಯಬಹುದೆಂದು ಸ್ಥೂಲವಾಗಿ ಹೇಳುತ್ತೇವೆ.

ನವೆಂಬರಿನಿಂದ ಫೆಬ್ರವರಿ: ಅರೇಬಿಕಾ, ಅನಂತರ ರೊಬಸ್ಟಾ ಕೊಯ್ಲು. ಅಡಿಕೆಯ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ತೂಕ, ಆಳಿನ ಲೆಕ್ಕ, ಸೌದೆಯ ಖರ್ಚು ಎಲ್ಲವನ್ನೂ ಅಳೆಯಬಹುದು.

ಫೆಬ್ರವರಿಯಿಂದ ಏಪ್ರಿಲ್: ಕಾಫಿಯ ಹೂಮಳೆ. ಮಳೆ ಬಿದ್ದ ದಿನ, ಪ್ರಮಾಣ, ಹೂ ಅರಳಿದ ದಿನ, ನಂತರದ ಹಿಮ್ಮಳೆ, ತುಂತುರು ನೀರಾವರಿ ಕೊಟ್ಟಲ್ಲಿ ಮತ್ತು ಕೊಡದಲ್ಲಿ ಕಾಯಿ ಕಟ್ಟಿದ್ದು.

ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್: ಅರೇಬಿಕಾ ಗಿಡದ ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲ. ಇದಕ್ಕೆ ಮುನ್ನ ಹುಳ ಬಿದ್ದ ಗಿಡಗಳನ್ನು ಗುರುತಿಸಿ ತೆಗೆಯುವುದು ವಾಡಿಕೆ. ನೆರಳಿನ ಕೆಳಗೆ ಎಷ್ಟು ಗಿಡ ಹೋಯಿತು, ನೆರಳು ತೆಳುವಾದಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕ ಆಗ ಸುಲಭ.

ಮೇ ಕೊನೆಯಿಂದ ಸೆಪ್ಟೆಂಬರ್: ಕೊಳೆರೋಗ, ಎಲೆಚುಕ್ಕಿ ರೋಗ, ಬಸಿಗಾಲುವೆ, ಮಣ್ಣು ಕೊಚ್ಚಿಹೋಗುವುದು, ಔಷಧಿಯ ವಿಚಾರ.

ಔಷಧಿಯ ಮಾತು ಬಂದದ್ದರಿಂದ ಒಂದು ಚಿಕ್ಕ, ಚೊಕ್ಕ ವಿಷಯ ಹೇಳುತ್ತೇವೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸುಣ್ಣ ಹಳೆಯದಾದರೆ ಸತ್ವ ಕಡಿಮೆ; ಆಗ ದ್ರಾವಣ ಹುಳಿಯಾಗಿ ಉಳಿಯುತ್ತದೆ. ಹೊಳೆಯುವ ಕತ್ತಿಯನ್ನು ಅದ್ದಿ ನೋಡಿ, ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಈ ಪರೀಕ್ಷೆಯನ್ನು ನಿಜವಾಗಿ ಎಷ್ಟು ಮಂದಿ ಮಾಡುತ್ತಾರೆ? ಊರಿನ 30 ತೋಟಗಳಲ್ಲಿ ಔಷಧಿ ಹೊಡೆಯುವ ದಿನ ಡ್ರಮ್ಮಿನಿಂದ ಒಂದೊಂದು ಶೀಶೆ ದ್ರಾವಣ ತೆಗೆದು ಅದರ ಹುಳಿ-ಕ್ಷಾರವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆದರೆ ಹದಿನೈದು ದಿನದ ಕೆಲಸ. ಫಲಿತಾಂಶ ಹೇಗೆ ಬಂದರೂ ನಮಗೆ ಪ್ರಯೋಜನವೇ: ಸರಿಯಿದ್ದರೆ ಸಮಾಧಾನ, ಸರಿಯಿಲ್ಲದಿದ್ದರೆ ಮುಂದಿನ ವರ್ಷಕ್ಕೆ ಪಾಠ.

ಮೂರನೆಯ ಸೂತ್ರ: ಕೈಯಲ್ಲಿರುವ ಸಾಧನದಿಂದ ಅಳೆಯುವಂತಿರಬೇಕು

ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ಸುಳ್ಯ ಮುಂತಾದ ಕಡೆ ನಮ್ಮವರ ನಿದ್ದೆ ಕೆಡಿಸಿದೆ. ಮಕ್ಕಳ ಮನಸ್ಸು ಅತ್ತ ಹೋಗುವುದು ಸಹಜ. ಆದರೆ 'ಎಲೆಚುಕ್ಕಿಗೆ ಮದ್ದು ಕಂಡುಹಿಡಿಯುವುದು' ಐದು ತಿಂಗಳ ವಿದ್ಯಾರ್ಥಿಯ ಕೈಯಲ್ಲಿ ಆಗುವ ಕೆಲಸವಲ್ಲ. 'ನಮ್ಮ ಗ್ರಾಮದಲ್ಲಿ ರೋಗ ಬಂದ ಮರ ಎಷ್ಟು? ತಗ್ಗಿನ ತೋಟದಲ್ಲಿ ಹೆಚ್ಚೋ, ದಿಬ್ಬದ ಮೇಲೆ ಹೆಚ್ಚೋ?' ಎಂಬುದು ಆಗುವ ಕೆಲಸ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಎಲ್ಲವನ್ನೂ ನೋಡಬೇಕಾಗಿಲ್ಲ, ಹತ್ತಕ್ಕೊಂದರಂತೆ ನೋಡಿದರೆ ಎಕರೆಗೆ 54 ಮರ. ಆದರೆ ಹತ್ತಕ್ಕೊಂದೆಂದರೆ ಹತ್ತನೆಯದೇ ಆಗಬೇಕು. ದಾರಿಯ ಪಕ್ಕದ್ದು, ಚೆನ್ನಾಗಿ ಕಂಡದ್ದು ಎಂದು ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ.

ಅಳತೆಯ ಸಾಧನ ಮನೆಯಲ್ಲೇ ಇರುವುದುಂಟು. ನಮ್ಮ ಎಷ್ಟೋ ಕಾಫಿ ಮನೆಗಳಲ್ಲಿ ಮಳೆಮಾಪಕವಿದೆ. ಅಜ್ಜನ ಕಾಲದಿಂದ ಮಳೆಯ ಲೆಕ್ಕ ಬರೆದಿಟ್ಟ ಪುಸ್ತಕ ಅಟ್ಟದ ಮೇಲಿರುತ್ತದೆ. 'ಎರಡಿಂಚು ನಲವತ್ತು ಸೆಂಟ್ಸ್' ಎಂದು ದಿನಾಂಕ ಸಹಿತ ಬರೆದಿರುತ್ತಾರೆ. ಒಂದು ಇಂಚೆಂದರೆ 25.4 ಮಿಲಿಮೀಟರ್, ಒಂದು ಇಂಚಿಗೆ ನೂರು ಸೆಂಟ್ಸ್. ಇಷ್ಟು ತಿಳಿದರೆ ಇಡೀ ಪುಸ್ತಕವನ್ನು ಇಂದಿನ ಲೆಕ್ಕಕ್ಕೆ ತರಬಹುದು. 'ನಮ್ಮ ತೋಟಕ್ಕೆ ಹೂಮಳೆ ಬರುವ ದಿನ ಮೂವತ್ತು ವರ್ಷದಲ್ಲಿ ಹಿಂದೆ ಮುಂದೆ ಸರಿದಿದೆಯೇ?' ಇದಕ್ಕಿಂತ ಒಳ್ಳೆಯ ವಿಷಯ ಹುಡುಕಿದರೂ ಸಿಗದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಋತುವಿಗೆ ಕಾಯಬೇಕಾಗಿಯೂ ಇಲ್ಲ. ಆ ಪುಸ್ತಕವನ್ನು ಗೆದ್ದಲು ತಿನ್ನುವ ಮೊದಲು ಆಗಬೇಕು, ಅಷ್ಟೇ.

ಈಗ ಕಂಪ್ಯೂಟರಿಗೆ ಎರಡು ಮಾತು ಹೇಳಿದರೆ ಅದೇ ಪುಟಗಟ್ಟಲೆ ಬರೆದುಕೊಡುವ ಕಾಲ. ಭಾಷೆ ತಿದ್ದಿಕೊಳ್ಳಲು ಬಳಸಲಿ, ಆಕ್ಷೇಪವಿಲ್ಲ. ಆದರೆ ಅಜ್ಜನ ಪುಸ್ತಕದಲ್ಲಿ ಏನಿದೆ, ನಮ್ಮ ಅರವತ್ತು ಮರದ ಬುಡದಲ್ಲಿ ಎಷ್ಟು ಕಾಯಿ ಬಿದ್ದಿತ್ತು ಎಂಬುದು ಯಾವ ಯಂತ್ರಕ್ಕೂ ತಿಳಿಯದು. ತಾನೇ ಎಣಿಸಿದ್ದನ್ನು ಬರೆದವರಿಗೆ ಪರೀಕ್ಷಕರ ಮುಂದೆ ನಿಲ್ಲಲು ಅಂಜಿಕೆ ಇರುವುದಿಲ್ಲ.

ನಾಲ್ಕನೆಯ ಸೂತ್ರ: ಮೊದಲು ಯಾರು ಮಾಡಿದ್ದಾರೆಂದು ನೋಡಬೇಕು

ಒಬ್ಬರು ಮಾಡಿದ್ದನ್ನು ತಿಳಿಯದೆ ಮತ್ತೊಬ್ಬರು ಮಾಡುವುದು ವ್ಯರ್ಥ ದುಡಿಮೆ. ಹಿಂದೆ ಇದಕ್ಕಾಗಿ ವಾರಗಟ್ಟಲೆ ಗ್ರಂಥಾಲಯದಲ್ಲಿ ಕೂರಬೇಕಿತ್ತು. ಈಗ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು 'ಕೃಷಿಕೋಶ'ದಲ್ಲೂ, ದೇಶದ ಪಿಎಚ್.ಡಿ. ಪ್ರಬಂಧಗಳು 'ಶೋಧಗಂಗಾ'ದಲ್ಲೂ ಮನೆಯಿಂದಲೇ ಓದಲು ಸಿಗುತ್ತವೆ. ಅಡಿಕೆಗೆ ವಿಟ್ಲದಲ್ಲಿ 1956ರಿಂದ ಸಂಶೋಧನೆ ನಡೆದಿದೆ. ಕಾಫಿಗೆ ಬಾಳೆಹೊನ್ನೂರಿನಲ್ಲಿ 1925ರಿಂದ. ಬೆಳೆಗಾರರ ಸ್ವಂತ ಅನುಭವಗಳಿಗೆ, 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯ ಹಳೆಯ ಸಂಚಿಕೆಗಳು ದೊಡ್ಡ ಭಂಡಾರ. ನಮ್ಮಲ್ಲಿ ಹಲವರ ಮನೆಯಲ್ಲಿವೆ.

ಹಿಂದೆ ಆಗಿದೆ ಎಂದ ಮಾತ್ರಕ್ಕೆ ವಿಷಯ ಬಿಡಬೇಕೆಂದಿಲ್ಲ. ವಿಟ್ಲದಲ್ಲಿ ಕಂಡದ್ದು ತೀರ್ಥಹಳ್ಳಿಯಲ್ಲೂ ಹಾಗೆಯೇ ಕಾಣುತ್ತದೆಯೇ ಎಂದು ನೋಡುವುದೂ ಒಂದು ಪ್ರಶ್ನೆಯೇ. ಆದರೆ ಹಿಂದಿನದನ್ನು ಓದಿ, ಹೆಸರು ಹೇಳಿ, ಮುಂದುವರಿಯಬೇಕು.

ಬೇರೆ ಬೇರೆ ಓದಿನವರಿಗೆ

ಮಕ್ಕಳೆಲ್ಲ ಕೃಷಿಯನ್ನೇ ಓದುತ್ತಿಲ್ಲ. ಯಾವ ಓದಿನವರಿಗೂ ತೋಟದಲ್ಲಿ ವಿಷಯವಿದೆ.

ವಾಣಿಜ್ಯ ಓದುವವರು: ಫಸಲನ್ನು ಚೇಣಿಗೆ ಕೊಡುವುದು ಲಾಭವೋ, ತಾವೇ ಸುಲಿದು ಬೇಯಿಸಿ ಮಾರುವುದು ಲಾಭವೋ? ಹತ್ತು ಮನೆಗಳ ಒಂದು ಸುಗ್ಗಿಯ ಲೆಕ್ಕ ಸಾಕು. ಮನೆಯವರ ದುಡಿಮೆಗೂ, ಮುಖ್ಯವಾಗಿ ಹೆಂಗಸರು ರಾತ್ರಿ ಕೂತು ಸುಲಿದದ್ದಕ್ಕೂ, ಬೆಲೆ ಹಾಕಿ ನೋಡಬೇಕು. ಕಾಫಿಯವರಿಗೆ, 50 ಕೆ.ಜಿ. ಚೆರಿಯ ಚೀಲಕ್ಕೆ ಔಟ್‌ಟರ್ನ್ ಎಷ್ಟು ಬರುತ್ತದೆ, ಒಣಗಿಸಿದ ಕಣ ಮಣ್ಣಿನದೋ ಸಿಮೆಂಟಿನದೋ ಎಂಬುದರಿಂದ ಅದು ಬದಲಾಗುತ್ತದೆಯೇ ಎಂಬುದು ಒಳ್ಳೆಯ ಪ್ರಶ್ನೆ.

ಎಂಜಿನಿಯರಿಂಗ್ ಓದುವವರು: ಹೊಸ ಯಂತ್ರವನ್ನೇ ಮಾಡಬೇಕೆಂಬ ಹಟ ಬೇಡ. ಈಗಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ಗಂಟೆಗೆ ಎಷ್ಟು ಗೊನೆ ಇಳಿಯುತ್ತದೆ, ಎಷ್ಟು ಹೊತ್ತಿಗೆ ಭುಜ ಸೋಲುತ್ತದೆ ಎಂದು ಅಳೆದು ಒಂದು ಹಿಡಿಯನ್ನು ಸುಧಾರಿಸಿದರೂ ಅದು ಪ್ರಬಂಧವೇ.

ಚರಿತ್ರೆ, ಸಮಾಜಶಾಸ್ತ್ರ ಓದುವವರು: 1942ರ ಕಾಯಿದೆಯ ನಂತರ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಕೊಟ್ಟು ಕಂತಿನಲ್ಲಿ ಹಣ ಪಡೆಯುತ್ತಿದ್ದ ಕಾಲವೊಂದಿತ್ತು. 1996ರಲ್ಲಿ ಮಾರಾಟ ಪೂರ್ಣ ಸ್ವತಂತ್ರವಾಯಿತು. ಸಣ್ಣ ಬೆಳೆಗಾರನ ಮನೆಯಲ್ಲಿ ಆಗ ಏನಾಯಿತು? ಅದನ್ನು ಬಲ್ಲವರಿಗೆ ಈಗ ಅರವತ್ತು, ಎಪ್ಪತ್ತು, ಎಂಬತ್ತು. ಅಡಿಕೆಯ ಬೆಲೆ ಕುಸಿದ ದಿನಗಳಲ್ಲಿ, 1973ರಲ್ಲಿ, ಕರ್ನಾಟಕ-ಕೇರಳದ ಬೆಳೆಗಾರರಿಗಾಗಿ ಕ್ಯಾಂಪ್ಕೊ ಹುಟ್ಟಿದ್ದನ್ನು ಕಂಡವರು ಇನ್ನೂ ಹಿರಿಯರು. ಈ ಪ್ರಶ್ನೆಗಳಿಗೆ ಅವಧಿ ಮೀರುತ್ತಿದೆ.

ಕನ್ನಡ ಓದುವವರು: ಚೊಗರು, ಹಾಳೆ, ಗೊರಬಲು, ಬೆಟ್ಟೆ, ಸರಕು, ಕೊಟ್ಟೆ - ತೋಟದ ಮಾತುಗಳಲ್ಲಿ ಮೊಮ್ಮಕ್ಕಳಿಗೆ ಎಷ್ಟು ತಿಳಿದಿದೆ? ಅಜ್ಜಿ ಮತ್ತು ಮೊಮ್ಮಗಳನ್ನು ಎದುರುಬದುರು ಕೂರಿಸಿ ಕೇಳಿದರೆ ವಿಷಯ ಸಿದ್ಧ.

ಪ್ರಶ್ನಾವಳಿ ಕುರಿತು ಒಂದು ತಪ್ಪೊಪ್ಪಿಗೆ

ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಮನೆಗೆ ಬರುತ್ತಾರೆ. 'ನಿಮ್ಮ ವಾರ್ಷಿಕ ಆದಾಯವೆಷ್ಟು? ಸಾಲವೆಷ್ಟು?' ಎಂದಿರುತ್ತದೆ. ನಾವು ಏನು ಬರೆಸುತ್ತೇವೆ? ಸತ್ಯ ಹೇಳೋಣ: ಬಾಯಿಗೆ ಬಂದದ್ದು. ಆದಾಯ ಹೆಚ್ಚು ಹೇಳಿದರೆ ಎಲ್ಲಿ ತೊಂದರೆಯೋ, ಸಾಲ ಹೇಳಿದರೆ ಎಲ್ಲಿ ಮಾನ ಹೋಗುತ್ತದೋ ಎಂಬ ಅಳುಕು. ಆ ಸುಳ್ಳನ್ನು ಕೂಡಿ ಭಾಗಿಸಿ ಸರಾಸರಿ ತೆಗೆದು ಪ್ರಬಂಧವಾಗುತ್ತದೆ. ನಾಳೆ ಅದೇ ಅಂಕಿ ಯಾವುದೋ ವರದಿಯಲ್ಲಿ ಬಂದಾಗ "ಇವರಿಗೆ ತೋಟದ ಗಂಧವೇ ಇಲ್ಲ" ಎಂದು ನಾವೇ ಬೈಯುತ್ತೇವೆ.

ತಪ್ಪು ಎರಡು ಕಡೆಯೂ ಇದೆ. ವಿದ್ಯಾರ್ಥಿಗಳು ಉತ್ತರ ಕೊಡಬಹುದಾದ ಪ್ರಶ್ನೆ ಕೇಳಲಿ. 'ಆದಾಯವೆಷ್ಟು' ಎನ್ನುವ ಬದಲು 'ಎರಡನೆಯ ಔಷಧಿಗೆ ಎಷ್ಟು ಆಳು, ಎಷ್ಟು ದಿನ ಹಿಡಿಯಿತು?' ಎಂದರೆ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಿದವರ ಹೆಸರು, ಸರ್ವೆ ನಂಬರು ಬರೆಯಬಾರದು; ಮೊದಲನೆಯ ತೋಟ, ಎರಡನೆಯ ತೋಟ ಎಂದರೆ ಸಾಕು. ಸಂಘವೂ ಯಾವ ಸದಸ್ಯರ ಖಾತೆಯ ವಿವರವನ್ನೂ ಅವರ ಒಪ್ಪಿಗೆಯಿಲ್ಲದೆ ಯಾವ ವಿದ್ಯಾರ್ಥಿಗೂ ಕೊಡಲಾಗದು. ನಮ್ಮ ಕಡೆಯಿಂದ, ಗೊತ್ತಿದ್ದರೆ ಸರಿಯಾಗಿ ಹೇಳೋಣ, ಹೇಳಲು ಇಷ್ಟವಿಲ್ಲದಿದ್ದರೆ ಇಲ್ಲವೆನ್ನೋಣ.

ಕಹಿಯಾದ ಪ್ರಶ್ನೆ ಬಂದರೆ?

ಇನ್ನೊಂದು ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ಮನೆಯ ಮಗನೋ ಮಗಳೋ "ಅಡಿಕೆ ಮತ್ತು ಆರೋಗ್ಯ" ಎಂದು ಹೊರಡಬಹುದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಕವಳವನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇದು ನಮ್ಮ ಅನ್ನದ ಪ್ರಶ್ನೆ. ಕೇಳಿದರೆ ಮನಸ್ಸಿಗೆ ನೋವಾಗುವುದು ಸಹಜ. "ತಿಂದ ಮನೆಗೆ ಎರಡು ಬಗೆಯಬೇಡ" ಎಂದು ಗದರಿ ಬಾಯಿ ಮುಚ್ಚಿಸುವುದು ಸುಲಭ.

ಹಾಗೆ ಮಾಡಬಾರದೆಂದು ನಮ್ಮ ವಿನಂತಿ. ಅಡಿಕೆ ಕ್ಯಾನ್ಸರ್ ತರುತ್ತದೆಯೇ ಎಂದು ತೀರ್ಮಾನಿಸುವುದು ವಿದ್ಯಾರ್ಥಿಯ ಅಳವಿನ ಕೆಲಸವಲ್ಲ. ಅದಕ್ಕೆ ಆಸ್ಪತ್ರೆಗಳು, ಸಾವಿರಾರು ಜನ, ಹಲವು ವರ್ಷ ಬೇಕು. ಆದರೆ 'ನಮ್ಮ ಊರಿನಲ್ಲಿ ಕವಳ ಹಾಕುವವರಲ್ಲಿ ತಂಬಾಕು ಸೇರಿಸುವವರೆಷ್ಟು? ಯಾವ ವಯಸ್ಸಿಗೆ ಆರಂಭಿಸಿದರು? ಎಂದಾದರೂ ಬಾಯಿ ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ?' ಎಂಬುದು ಅಳವಿನ ಕೆಲಸ; ಅದರಿಂದ ನಮ್ಮ ಆಳುಗಳಿಗೂ ನಮಗೂ ಹಿತವೇ ಆದೀತು. ಬೆಳೆದವರ ಮಕ್ಕಳೇ ಈ ಪ್ರಶ್ನೆ ಕೇಳದಿದ್ದರೆ ಬೇರೆಯವರು ಕೇಳುತ್ತಾರೆ. ಆಗ ಉತ್ತರವನ್ನೂ ಅವರಿಂದಲೇ ಕೇಳಬೇಕಾಗುತ್ತದೆ.

ಹೆತ್ತವರು ಮಾಡಬೇಕಾದ್ದು

ವಿಷಯವನ್ನು ಹೆತ್ತವರೇ ಕೊಟ್ಟುಬಿಡಬಾರದು. ಮಕ್ಕಳ ಜೊತೆ ಒಂದು ದಿನ ತೋಟ ಸುತ್ತಬೇಕು. "ಇಲ್ಲಿ ಏಕೆ ಹೀಗಿದೆ?" ಎಂದು ಅವರು ಕೇಳಿದ್ದಕ್ಕೆ "ಮೊದಲಿಂದಲೂ ಹಾಗೇ" ಎಂದು ಉತ್ತರಿಸುವಂತಾದರೆ, ಅಲ್ಲಿ ಒಂದು ವಿಷಯವಿದೆ ಎಂದು ತಿಳಿಯಬೇಕು. ಎರಡು ಮೂರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮಾರ್ಗದರ್ಶಕರ ಬಳಿ ಬೇಗ ಹೋಗಲಿ. ಅವರು ಒಂದನ್ನು ಬೇಡವೆಂದರೆ ಇನ್ನೊಂದಿರುತ್ತದೆ. ಎಣಿಕೆಯಲ್ಲಿ ನಾವು ಅಂದುಕೊಂಡದ್ದು ಬರದಿದ್ದರೆ ಅಂಕಿ ತಿದ್ದಬಾರದು. ತಡವಾದ ಔಷಧಿಯಿಂದ ವ್ಯತ್ಯಾಸವಾಗಲಿಲ್ಲ ಎಂದು ಬಂದರೆ, ಅದೂ ನಮಗೆ ತಿಳಿಯಬೇಕಾದ ಸಂಗತಿಯೇ.

ಕೊನೆಯದಾಗಿ ಒಂದು ಬೇಡಿಕೆ. ಸದಸ್ಯರ ಮಕ್ಕಳು ಬರೆದ ಪ್ರಬಂಧದ ಒಂದು ಪ್ರತಿಯನ್ನು ಸಂಘದ ಕಚೇರಿಗೆ ಕೊಡಬೇಕು. ಅದರ ಜೊತೆ, ಕಂಡದ್ದೇನು ಎಂಬುದನ್ನು ಕನ್ನಡದಲ್ಲಿ ಎರಡು ಪುಟದಲ್ಲಿ ಬರೆದುಕೊಟ್ಟರೆ ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಮಹಾಸಭೆಯಲ್ಲಿ ಹತ್ತು ನಿಮಿಷ ಮಾತನಾಡಲು ಅವಕಾಶವನ್ನೂ ಕೇಳುತ್ತೇವೆ. ಓದಲು ಪೇಟೆಗೆ ಹೋದ ಮಕ್ಕಳು ತೋಟಕ್ಕೆ ಮರಳುತ್ತಾರೋ ಇಲ್ಲವೋ, ಅದು ಅವರ ಇಚ್ಛೆ. ಆದರೆ ಹೋಗುವ ಮುನ್ನ ತಾವು ಬೆಳೆದ ತೋಟವನ್ನು ಒಂದು ವರ್ಷ ಕಣ್ಣಿಟ್ಟು ನೋಡಿ, ಕಂಡದ್ದನ್ನು ಬರೆದಿಟ್ಟು ಹೋದರೆ, ಉಳಿದ ನಮಗೆ ಅದು ಉಪಕಾರ.

ಅಟ್ಟದ ಮೇಲಿನ ಮಳೆ ಪುಸ್ತಕವನ್ನು ಈ ವಾರವೇ ಕೆಳಗಿಳಿಸಿ, ಬಿಸಿಲಿಗೆ ಹಾಕಿ, ಧೂಳು ಕೊಡವಿಡಿ.